ಮಗ ಒಪ್ಪಲಿ ಅಂತ ಕಾಯಬೇಡಿ, ಮೊದಲು ನೀವೇ ಫೋನ್ ಮಾಡಿ

ಶ್ರೀನಿವಾಸಪುರ ತಾಲ್ಲೂಕಿನ ಓದುಗರೊಬ್ಬರ ಪತ್ರದ ಸಾರ: "ಮಗನಿಗೆ ಹದಿನೇಳು ವರ್ಷ. ದ್ವಿತೀಯ ಪಿಯುಸಿಯಲ್ಲಿ ಎರಡು ವಿಷಯ ಹೋಯಿತು. ಆವತ್ತಿನಿಂದ ರೂಮು ಬಿಟ್ಟು ಬರುತ್ತಿಲ್ಲ. ರಾತ್ರಿಯೆಲ್ಲ ಎಚ್ಚರ, ಹಗಲು ನಿದ್ದೆ. ಮಾತಾಡಿಸಿದರೆ ರೇಗುತ್ತಾನೆ. ಯಜಮಾನರು ಸೋಮಾರಿತನ ಅನ್ನುತ್ತಾರೆ, ನೆಂಟರು ಗಾಳಿ ಸೋಕಿದೆ ಅನ್ನುತ್ತಾರೆ. ಡಾಕ್ಟರ ಹತ್ತಿರ ಹೋಗೋಣ ಅಂದರೆ 'ನನಗೇನು ಹುಚ್ಚಾ' ಅಂತಾನೆ. ನನಗೂ ನಿದ್ದೆ ಹೋಗಿದೆ. ಎಲ್ಲಿಗೆ ಹೋಗಬೇಕು? ಊರಲ್ಲಿ ಗೊತ್ತಾದರೆ ಏನು ಗತಿ?"

ತಾಯಿ, ನಮಸ್ಕಾರ.

ಉದ್ದದ ಪತ್ರದಲ್ಲಿ ನಿಮ್ಮ ಬಗ್ಗೆ ಬರೆದುಕೊಂಡಿರುವುದು ಒಂದೇ ಮಾತು, ನಿದ್ದೆ ಹೋಗಿದೆ ಅಂತ. ನಾನು ಅಲ್ಲಿಂದಲೇ ಶುರು ಮಾಡುತ್ತೇನೆ. ಮಗ ಒಪ್ಪಿದ ಮೇಲೆ ದಾರಿ ಹುಡುಕೋಣ ಅಂತ ಕಾದಿದ್ದೀರಿ. ಅಷ್ಟು ಕಾಯಬೇಕಾಗಿಲ್ಲ. ಮನೆಯವರು ತಾವೇ ಮೊದಲು ಹೋಗಿ ಮಾತಾಡಬಹುದು.

14416ಕ್ಕೆ ಫೋನ್ ಮಾಡಿ. ಇದು ಟೆಲಿ ಮಾನಸ್, ಸರ್ಕಾರದ ಸಹಾಯವಾಣಿ. 2022ರ ಅಕ್ಟೋಬರ್ 10ರಂದು ಶುರುವಾಯಿತು, ಬೆಂಗಳೂರಿನ ನಿಮ್ಹಾನ್ಸ್ ಇದಕ್ಕೆ ಮುಖ್ಯ ಕೇಂದ್ರ. ಹಗಲು ರಾತ್ರಿ ನಡೆಯುತ್ತದೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. "ನನ್ನ ಮಗ ಹೀಗಿದ್ದಾನೆ, ನಾನು ಅವನ ಜೊತೆ ಹೇಗೆ ಮಾತಾಡಲಿ?" ಅಂತ ಕೇಳಿ. ಆ ಕಡೆ ಇರುವವರು ತರಬೇತಿ ಪಡೆದ ಆಪ್ತ ಸಮಾಲೋಚಕರು. ಬೇಕೆನಿಸಿದರೆ ಮಾನಸಿಕ ವೈದ್ಯರಿಗೂ ದಾಟಿಸುತ್ತಾರೆ. ಇದೇ ನಂಬರನ್ನು ಮಗನ ಫೋನಿಗೂ ಕಳಿಸಿಡಿ, ಒತ್ತಾಯ ಮಾಡದೆ. ಎದುರು ಕೂತು ಹೇಳಲಾಗದ್ದನ್ನು ಮುಖ ಕಾಣದವರ ಹತ್ತಿರ ಹೇಳಿಕೊಳ್ಳುವ ಹುಡುಗರು ಇದ್ದಾರೆ.

ಇನ್ನು ಎಲ್ಲಿಗೆ ಹೋಗಬೇಕು ಅಂತ ಕೇಳಿದ್ದೀರಿ. ಸೀದಾ ಬೆಂಗಳೂರಿನ ಬಸ್ಸು ಹತ್ತಬೇಕಾಗಿಲ್ಲ. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಅಂತ ಒಂದಿದೆ. ಅದನ್ನು ಮೊದಲು ಮಾಡಿ ನೋಡಿದ್ದು ನಮ್ಮ ಬಳ್ಳಾರಿಯಲ್ಲಿ, 1980ರ ದಶಕದಲ್ಲಿ. ಆಮೇಲೆ 1996ರಿಂದ ದೇಶಕ್ಕೆಲ್ಲ ಹರಡಿತು. ಕೋಲಾರದಲ್ಲಿ ನೀವು ಹೋಗಬೇಕಾದ್ದು ಎಸ್‌ಎನ್‌ಆರ್ ಜಿಲ್ಲಾ ಆಸ್ಪತ್ರೆಯ ಮಾನಸಿಕ ಆರೋಗ್ಯ ವಿಭಾಗಕ್ಕೆ. ಅದಕ್ಕಿಂತ ಹತ್ತಿರದ್ದೂ ಇದೆ. ಮನೋಚೈತನ್ಯ ಕಾರ್ಯಕ್ರಮದಲ್ಲಿ ಮಂಗಳವಾರದ ದಿನ ತಾಲ್ಲೂಕು ಆಸ್ಪತ್ರೆಗಳಿಗೆ ಮಾನಸಿಕ ವೈದ್ಯರು ಬರುವ ವ್ಯವಸ್ಥೆ ಇದೆ. ನಿಮ್ಮಲ್ಲಿಗೆ ಯಾವ ಮಂಗಳವಾರ ಅಂತ ವಿಚಾರಿಸಿಕೊಂಡು ಹೋಗಿ. ಊರಿನ ಆಶಾ ಕಾರ್ಯಕರ್ತೆಯನ್ನು ಕೇಳಲು ಮುಜುಗರವಾದರೆ ಆಸ್ಪತ್ರೆಯಲ್ಲಿ ಚೀಟಿ ಬರೆಸುವ ಕಡೆ ಕೇಳಿದರೂ ಸಾಕು. ಮೊದಲ ಸಲ ನೀವೊಬ್ಬರೇ ಹೋಗಿ, ತಪ್ಪೇನಿಲ್ಲ.

ಊರಲ್ಲಿ ಗೊತ್ತಾಗುವ ಭಯ ನನಗೆ ಅರ್ಥವಾಗುತ್ತದೆ. ನಾಳೆ ಮದುವೆ ಮಾತು ಬಂದಾಗ ಯಾರೋ ಎತ್ತಿ ಆಡುತ್ತಾರೆ ಅಂತ ಅಲ್ವಾ? 2017ರ ಮಾನಸಿಕ ಆರೋಗ್ಯ ಕಾಯ್ದೆ ಚಿಕಿತ್ಸೆಯ ವಿವರವನ್ನು ಗುಟ್ಟಾಗಿ ಇಡಬೇಕು ಅಂತ ಹೇಳುತ್ತದೆ. ಕೆಲವು ವಿನಾಯಿತಿಗಳಿವೆ, ಆದರೆ ಊರವರ ಕುತೂಹಲ ಅದರಲ್ಲಿ ಸೇರಿಲ್ಲ. ಯಾರಿಗೆ ಹೇಳಬೇಕು, ಎಷ್ಟು ಹೇಳಬೇಕು ಅನ್ನುವುದು ನಿಮ್ಮ ಮನೆಯ ವಿಷಯ.

ಯಜಮಾನರಿಗೆ ಇದನ್ನು ಓದಿ ಹೇಳಿ. ಸೋಮಾರಿಗೆ ತನಗೆ ಇಷ್ಟವಾದದ್ದರಲ್ಲಿ ಖುಷಿ ಇರುತ್ತದೆ. ನಿಮ್ಮ ಮಗ ಕ್ರಿಕೆಟ್ಟೂ ಬಿಟ್ಟಿದ್ದಾನೆ ಅಂತ ಬರೆದಿದ್ದೀರಿ. ನಿದ್ದೆ, ಊಟ, ಆಟ, ಗೆಳೆಯರು ಎಲ್ಲ ಕೈಬಿಟ್ಟು ಎರಡು ವಾರ ದಾಟಿದರೆ ತೋರಿಸಲೇಬೇಕು. ಈ ವಯಸ್ಸಿನಲ್ಲಿ ಖಿನ್ನತೆ ಅಳುವಾಗಿಯೇ ಬರಬೇಕೆಂದಿಲ್ಲ, ಸಿಟ್ಟಾಗಿಯೂ ಬರುತ್ತದೆ. ಇದು ಖಿನ್ನತೆಯೇ ಅಂತ ನಾನು ಹೇಳುತ್ತಿಲ್ಲ, ಅದನ್ನು ಹೇಳಬೇಕಾದವರು ವೈದ್ಯರು. ಗಾಳಿ ಅನ್ನುವ ನೆಂಟರೊಂದಿಗೆ ಜಗಳ ಬೇಡ. ದೇವಸ್ಥಾನಕ್ಕೆ ಹೋಗಿ ಬನ್ನಿ, ಹರಕೆ ಹೊತ್ತುಕೊಳ್ಳಿ. ಆದರೆ ಬಿಡಿಸುತ್ತೇವೆ ಅಂತ ಯಾರಾದರೂ ಹುಡುಗನಿಗೆ ಹೊಡೆಯಲು ಬಂದರೆ ಅಡ್ಡ ನಿಲ್ಲಿ. ಕರ್ನಾಟಕದಲ್ಲಿ ಅದು ಅಪರಾಧ.

ಈಗ ಮುಖ್ಯವಾದದ್ದು. ಒಬ್ಬನೇ ಸಿಕ್ಕಾಗ ಪಕ್ಕದಲ್ಲಿ ಕೂತು ನೇರವಾಗಿ ಕೇಳಿ: "ಕಂದಾ, ಸಾಯಬೇಕು ಅಂತ ಏನಾದರೂ ಅನ್ನಿಸ್ತಾ ಇದೆಯಾ?" ಕೇಳಿದರೆ ಇಲ್ಲದ ಯೋಚನೆ ಹುಟ್ಟುತ್ತದೆ ಅಂತ ಎಲ್ಲರಿಗೂ ಹೆದರಿಕೆ. ಹಾಗಾಗುವುದಿಲ್ಲ. ಎಷ್ಟೋ ಮಕ್ಕಳಿಗೆ, ಯಾರಾದರೂ ಕೇಳಿದರಲ್ಲ ಅಂತ ಎದೆ ಹಗುರವಾಗುತ್ತದೆ. ಹೌದು ಅಂದರೆ ಬೈಯಬೇಡಿ, ಆಣೆ ಹಾಕಿಸಿಕೊಳ್ಳಬೇಡಿ. ಒಂಟಿಯಾಗಿ ಬಿಡಬೇಡಿ. 14416ಕ್ಕೆ ಆಗಲೇ ಮಾಡಿ, ಅಥವಾ ಆವತ್ತೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ತುರ್ತು ಅನಿಸಿದರೆ 108.

ಅವನು ಇಲ್ಲ ಅಂದರೂ ಒಂದು ಕೆಲಸ ಇವತ್ತೇ ಮಾಡಿ. ಮಾವಿನ ತೋಟ, ಟೊಮೆಟೊ ಇರುವ ಮನೆ ನಿಮ್ಮದು. ಔಷಧಿ ಡಬ್ಬಗಳು ಮನೆಯಲ್ಲೇ ಇರುತ್ತವೆ. ಅವನ್ನು ಪೆಟ್ಟಿಗೆಗೆ ಹಾಕಿ ಬೀಗ ಹಾಕಿ. ಆಗುವುದಾದರೆ ಸ್ವಲ್ಪ ದಿನಕ್ಕೆ ಬೇರೆಯವರ ಮನೆಗೆ ಸಾಗಿಸಿ. ಮನೆಯ ಮಾತ್ರೆಗಳನ್ನೂ ನಿಮ್ಮ ಕೈಯಲ್ಲೇ ಇಟ್ಟುಕೊಳ್ಳಿ. ಸಾಯುವ ಯೋಚನೆ ಜೋರಾಗಿ ಬಂದು, ಸ್ವಲ್ಪ ಹೊತ್ತಿಗೆ ಇಳಿಯುವುದೇ ಜಾಸ್ತಿ. ಆ ಹೊತ್ತು ವಿಷ ಕೈಗೆ ಸಿಗದಿದ್ದರೆ ಜೀವ ಉಳಿಯುತ್ತದೆ. ಶ್ರೀಲಂಕಾದಲ್ಲಿ ಅತಿ ವಿಷದ ಕೀಟನಾಶಕಗಳನ್ನು 1995ರಿಂದ ಒಂದೊಂದಾಗಿ ನಿಷೇಧಿಸಿದ ಮೇಲೆ ಆತ್ಮಹತ್ಯೆಯ ಪ್ರಮಾಣ ಅರ್ಧಕ್ಕಿಂತ ಕೆಳಗೆ ಇಳಿಯಿತು.

ಮಾತ್ರೆ ಬೇಕೋ ಬೇಡವೋ ವೈದ್ಯರು ಹೇಳುತ್ತಾರೆ. ಎಲ್ಲರಿಗೂ ಬೇಕಾಗುವುದಿಲ್ಲ, ಮಾತಿನ ಚಿಕಿತ್ಸೆಯಲ್ಲೇ ಚೇತರಿಸಿಕೊಳ್ಳುವವರಿದ್ದಾರೆ. ಕೊಟ್ಟರೆ ನಾಲ್ಕು ದಿನಕ್ಕೆ ಗುಣ ಕಾಣಲಿಲ್ಲ ಅಂತ ನಿಲ್ಲಿಸಬೇಡಿ. ಖಿನ್ನತೆಯ ಮಾತ್ರೆ ಹಿಡಿಯಲು ಕೆಲವು ವಾರ ಬೇಕು. ಆದರೆ ಮೊದಲ ವಾರಗಳಲ್ಲಿ ಹುಡುಗನಿಗೆ ತಳಮಳ ಜಾಸ್ತಿಯಾದರೆ ಸುಮ್ನೆ ಕಾಯದೆ ಕೂಡಲೇ ವೈದ್ಯರಿಗೆ ತಿಳಿಸಿ.

ಹೋದ ವಿಷಯಗಳ ಮಾತು ಸದ್ಯಕ್ಕೆ ಮನೆಯಲ್ಲಿ ಬೇಡ. ಈಗ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಸಲ ಪರೀಕ್ಷೆ ನಡೆಯುತ್ತದೆ, ವರ್ಷ ಹಾಳಾಯಿತು ಅಂತ ಯಾರೂ ಹೇಳಬೇಕಾಗಿಲ್ಲ. ಅವನು ಬರೆಯುತ್ತೇನೆ ಅಂದಾಗ ಬರೆಯಲಿ.

ಆಸ್ಪತ್ರೆಗೆ ಹೋಗುವಾಗ ಒಂದು ಹಾಳೆಯಲ್ಲಿ ಬರೆದುಕೊಂಡು ಹೋಗಿ. ನಿದ್ದೆ ಯಾವಾಗಿನಿಂದ ಕೆಟ್ಟಿತು, ಊಟ ಎಷ್ಟು, ಏನೇನು ಬಿಟ್ಟ, ಮನೆತನದಲ್ಲಿ ಬೇರೆ ಯಾರಿಗಾದರೂ ಹೀಗಾಗಿತ್ತಾ. ವೈದ್ಯರ ಎದುರು ಗಾಬರಿಯಲ್ಲಿ ಅರ್ಧ ಮರೆತುಹೋಗುತ್ತದೆ. ಕೊನೆಯಲ್ಲಿ ನಿಮ್ಮ ನಿದ್ದೆಯ ವಿಷಯವನ್ನೂ ಬರೆಯಿರಿ, ಅದನ್ನೂ ಹೇಳಿ.