ಗದ್ದೆಗೆ ಬಂದ ಕಡವೆ ಯಾರದ್ದು?

ಹೋದ ತಿಂಗಳು ಹಂದಿ ಕಾಟದ ಬಗ್ಗೆ ನಾಲ್ಕು ಸಾಲು ಬರೆದದ್ದೇ ತಡ, ಈ ಸಲ ಬಂದ ಪತ್ರಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಕಡವೆ, ಜಿಂಕೆಯವೇ. ಐದನ್ನು ಆರಿಸಿದ್ದೇನೆ. ಹೆಸರು ಹಾಕಬೇಡಿ ಅಂತ ಮೂವರು ಬರೆದಿದ್ದರು. ಹಾಗಾಗಿ ಯಾರ ಹೆಸರೂ ಇಲ್ಲ, ಊರು ಮಾತ್ರ.

ಪ್ರಶ್ನೆ (ಶಿರಸಿ): ಮಗ ಅಮೆರಿಕದ ವಿಸ್ಕಾನ್ಸಿನ್‌ನಲ್ಲಿದ್ದಾನೆ. ಅಲ್ಲಿ ನವೆಂಬರಿನಲ್ಲಿ ದುಡ್ಡು ಕಟ್ಟಿ ಲೈಸೆನ್ಸ್ ತಗೊಂಡರೆ ಜಿಂಕೆ ಹೊಡೆಯಬಹುದಂತೆ. ಇಲ್ಲಿ ನಮ್ಮ ಹೊಸ ತೋಟದಲ್ಲಿ ಒಂದು ಗಂಡು ಕಡವೆ ಕೊಂಬು ಉಜ್ಜಿ ಉಜ್ಜಿ ನಲವತ್ತು ಅಡಿಕೆ ಸಸಿ ಹಾಳು ಮಾಡಿದೆ. ಬೆಳೆ ರಕ್ಷಣೆಗೆ ಅಂತಲೇ ಸರ್ಕಾರ ಕೊಟ್ಟ ಲೈಸೆನ್ಸಿನ ಕೋವಿ ಮನೆಯಲ್ಲಿದೆ. ಹೊಡೆದರೆ ಏನು ತಪ್ಪು?

ಉತ್ತರ: ತಪ್ಪು ಅಂತಲ್ಲ, ಅಪರಾಧ. ಕೋವಿಯ ಲೈಸೆನ್ಸ್ ಕೊಡುವುದು 1959ರ ಶಸ್ತ್ರಾಸ್ತ್ರ ಕಾಯ್ದೆ. ಕಡವೆಯನ್ನು ಕಾಯುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ. ಮೊದಲನೆಯದು ಕೋವಿ ಇಟ್ಟುಕೊಳ್ಳಿ ಅನ್ನುತ್ತದೆ. ಅದರಿಂದ ಯಾವ ಪ್ರಾಣಿಯನ್ನು ಹೊಡೆಯಬಹುದು ಅಂತ ಹೇಳುವುದು ಎರಡನೆಯದು. ಗರ್ನಲ್ ಹಾರಿಸಿ ಓಡಿಸಿ, ಡಬ್ಬ ಬಡಿಯಿರಿ, ಯಾರೂ ಕೇಳುವುದಿಲ್ಲ. ಆದರೆ ಕಾಯ್ದೆಯಲ್ಲಿ ಬೇಟೆ ಅಂದರೆ ಕೊಲ್ಲುವುದು ಮಾತ್ರ ಅಲ್ಲ, ಉರುಳು ಹಾಕುವುದು, ಹಿಡಿಯುವುದು, ಗಾಯ ಮಾಡುವುದು, ಅದಕ್ಕೆ ಕೈ ಹಾಕಲು ನೋಡುವುದೂ ಬೇಟೆಯೇ. ಮನುಷ್ಯನ ಮೈಮೇಲೆ ಬಿದ್ದಾಗ ಜೀವ ಉಳಿಸಿಕೊಳ್ಳಲು ಕೊಂದರೆ ಅದಕ್ಕೆ ವಿನಾಯಿತಿ ಇದೆ. ಸಸಿ ಉಳಿಸಿಕೊಳ್ಳಲು ಕೊಂದರೆ ಇಲ್ಲ.

ಬಾಗಿಲು ಪೂರ್ತಿ ಮುಚ್ಚಿದೆ ಅಂತಲೂ ಅಲ್ಲ. ಕಾಯ್ದೆಯ 11ನೇ ಕಲಮಿನಲ್ಲಿ, ಕೆಲವು ಪ್ರಾಣಿಗಳು ಜೀವಕ್ಕೋ ನಿಂತ ಬೆಳೆಗೋ ಅಪಾಯ ಅಂತ ಖಾತ್ರಿಯಾದರೆ ರಾಜ್ಯದ ಮುಖ್ಯ ವನ್ಯಜೀವಿ ಪರಿಪಾಲಕರು ಕಾರಣ ಬರೆದು ಲಿಖಿತ ಅನುಮತಿ ಕೊಡಬಹುದು. ಕೇರಳದಲ್ಲಿ 2022ರಿಂದ ಕಾಡುಹಂದಿಗೆ ಈ ಅಧಿಕಾರವನ್ನು ಪಂಚಾಯಿತಿ ಅಧ್ಯಕ್ಷರ ತನಕ ಇಳಿಸಿದ್ದಾರೆ. ಅದು ಹಂದಿಯ ಮಾತು. ನಲವತ್ತು ಸಸಿಗಾಗಿ ಕಡವೆಗೆ ಅಂಥ ಕಾಗದ ಬರುತ್ತದೆ ಅಂತ ನಾನು ಆಸೆ ಹುಟ್ಟಿಸುವುದಿಲ್ಲ.

ಇನ್ನು ನಿಮ್ಮ ಮಗನ ಊರು. ಈ ಮಾತು ನನಗೆ ಮದುವೆ ಮನೆಯಲ್ಲೂ ಸಿಗುತ್ತದೆ, ಅದಕ್ಕೆ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಅಲ್ಲಿ ಕೋವಿಯ ಮುಖ್ಯ ಸೀಸನ್ ಬರೀ ಒಂಬತ್ತು ದಿನ. ರಾಜ್ಯವನ್ನು ತುಂಡು ತುಂಡಾಗಿ ಹಂಚಿಕೊಂಡು, ಯಾವ ಭಾಗದಲ್ಲಿ ಎಷ್ಟು ಪರ್ಮಿಟ್ ಅಂತ ವರ್ಷವರ್ಷ ಲೆಕ್ಕ ಹಾಕುತ್ತಾರೆ. ಕೊಂಬಿರುವ ಗಂಡಿಗೆ ಒಂದು ಚೀಟಿ, ಕೊಂಬಿಲ್ಲದ್ದಕ್ಕೆ ಬೇರೆಯೇ ಚೀಟಿ. ಯಾಕೆ ಗೊತ್ತಾ? ಒಂದು ಗಂಡು ಹತ್ತಾರು ಹೆಣ್ಣಿಗೆ ಸಾಕು. ಗಂಡು ಎಷ್ಟು ಹೊಡೆದರೂ ಮುಂದಿನ ವರ್ಷ ಮರಿ ಅಷ್ಟೇ ಹುಟ್ಟುತ್ತವೆ. ಹಿಂಡು ಇಳಿಯಬೇಕಾದರೆ ಹೆಣ್ಣು ಹೊಡೆಯಬೇಕು. ನಮ್ಮ ಶಿಕಾರಿ ಮಂದಿ ಕೊಂಬಿನ ಆಸೆಗೆ ಗಂಡನ್ನೇ ಹೊಡೆದು 'ಕಾಟ ಕಡಿಮೆ ಮಾಡಿದೆವು' ಅನ್ನುತ್ತಿದ್ದರಲ್ಲ, ಅದು ಸುಳ್ಳು ಲೆಕ್ಕ. ಹೊಡೆದ ಪ್ರತಿಯೊಂದನ್ನೂ ಅಲ್ಲಿ ನೋಂದಾಯಿಸಬೇಕು. ಎಲ್ಲಕ್ಕಿಂತ ದೊಡ್ಡ ವಿಷಯ, ಬೇಟೆಯ ಮಾಂಸ ಮಾರುವ ಹಾಗಿಲ್ಲ. 1900ರ ಹೊತ್ತಿಗೆ ಅಮೆರಿಕದ ಬಿಳಿಬಾಲದ ಜಿಂಕೆ ಅಳಿಯುವ ಮಟ್ಟಕ್ಕೆ ಹೋಗಿತ್ತು, ಮಾಂಸ ಮತ್ತು ಚರ್ಮದ ವ್ಯಾಪಾರದಿಂದಲೇ. ವ್ಯಾಪಾರ ನಿಲ್ಲಿಸಿ, 1937ರಿಂದ ಕೋವಿ ತೋಟೆಗಳ ಮೇಲಿನ ತೆರಿಗೆಯನ್ನು ಕಾಡುಪ್ರಾಣಿಗಳಿಗೇ ಖರ್ಚು ಮಾಡಿ ಮೇಲೆ ತಂದರು. ಈಗ ಕೋಟಿಗಟ್ಟಲೆ ಆಗಿವೆ. ಹೆಚ್ಚಿನ ಕಡೆ ತೋಳವೂ ಇಲ್ಲ, ಪೂಮಾವೂ ಇಲ್ಲ. ತಿನ್ನುವವರಿಲ್ಲದ ಮೇಲೆ ಕೋವಿಯೇ ಹುಲಿ.

ನಮ್ಮಲ್ಲಿ ಹುಲಿ ಇದೆಯಲ್ಲ! ಜೋಯಿಡಾ, ದಾಂಡೇಲಿ ಕಡೆಯ ಕಾಳಿ ಹುಲಿ ರಕ್ಷಿತಾರಣ್ಯ ಇರುವುದೇ ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಿ. ಚಿರತೆ ಇದೆ, ಸೀಳುನಾಯಿ ಇದೆ. ಇವೆಲ್ಲ ತಿನ್ನುವುದು ಕಡವೆ, ಜಿಂಕೆಯನ್ನೇ. ಕಾಡಲ್ಲಿ ಅವು ಕಡಿಮೆಯಾದರೆ ಚಿರತೆ ಅಂಗಳಕ್ಕೆ ಬಂದು ನಾಯಿ ಹೊತ್ತುಕೊಂಡು ಹೋಗುತ್ತದೆ. ಅದೂ ಅಲ್ಲದೆ ಘಟ್ಟದ ಹಸಿರು ಕಾಡಿನೊಳಗೆ ಹುಲ್ಲೇ ಇಲ್ಲ. ಚುಕ್ಕೆ ಜಿಂಕೆಗೆ ಬೇಕಾದ್ದು ಹಳಿಯಾಳ, ಮುಂಡಗೋಡ ಕಡೆಯಂಥ ಬಯಲು ಬೆರೆತ ಎಲೆ ಉದುರುವ ಕಾಡು. ನಿಮ್ಮ ಸೊಪ್ಪಿನ ಬೆಟ್ಟದ ಮೇಲಿಂದ ಇಳಿದು ಬರುವ ಕಡವೆ ಒಂದೋ ಎರಡೋ, ಅದನ್ನು ಹಿಂಡು ಅಂತ ಕರೆಯಲು ಬರುವುದಿಲ್ಲ.

ಸಸಿಯ ವಿಷಯ. ಕಡವೆ ಸಸಿ ತಿನ್ನಲು ಬಂದಿದ್ದಲ್ಲ. ಕೊಂಬಿನ ಮೇಲಿನ ತುಪ್ಪಳದ ಚರ್ಮ ಒಣಗಿ ಸುಲಿಯುವಾಗ, ಆಮೇಲೆ ಬೆದೆಯ ಕಾಲದಲ್ಲಿ, ಎಳೆ ಮರಕ್ಕೆ ಉಜ್ಜುತ್ತದೆ. ವರ್ಷವಿಡೀ ಅಲ್ಲ. ನಾನು ಪ್ರತಿ ಸಸಿಗೆ ಮೂರು ದಬ್ಬೆ ಗೂಟ ಹೊಡೆದು, ಎದೆ ಎತ್ತರದವರೆಗೆ ಒಣ ಅಡಿಕೆ ಹಾಳೆ ಸುತ್ತಿದ್ದೆ. ಹಾಳೆಯ ಮೇಲೆ ಉಜ್ಜಿದ ಗೀರು ಕಂಡಿತು, ಸಸಿ ಉಳಿಯಿತು. ಕೆಲಸ ಜಾಸ್ತಿ, ಹೌದು. ಕೋರ್ಟಿಗೆ ಅಲೆಯುವುದಕ್ಕಿಂತ ಕಡಿಮೆ.

ಪ್ರಶ್ನೆ (ಕಾರವಾರ): ಪರಿಚಯದವರು ಹಬ್ಬಕ್ಕೆ ಕಾಡಿನ ಮಾಂಸದ 'ಪಾಲು' ಕಳಿಸಿದ್ದರು. ಹೊಡೆದದ್ದು ನಾವಲ್ಲ. ತಿಂದರೆ ನಮ್ಮ ಮೇಲೂ ಕೇಸಾಗುತ್ತದಾ?

ಉತ್ತರ: ಆಗುತ್ತದೆ. ಇಟ್ಟುಕೊಂಡರೂ, ಕೊಂಡರೂ, ಸಾಗಿಸಿದರೂ ಅಪರಾಧ. 'ಕುರಿ ಮಾಂಸ ಅಂದುಕೊಂಡೆ' ಅನ್ನುವ ಮಾತೂ ಈಗ ನಡೆಯುವುದಿಲ್ಲ, ಚೂರು ಮಾಂಸದ ಡಿಎನ್ಎ ನೋಡಿ ಯಾವ ಪ್ರಾಣಿ ಅಂತ ಹೈದರಾಬಾದಿನ ಪ್ರಯೋಗಾಲಯ ಹೇಳಿಬಿಡುತ್ತದೆ. ಅಭಯಾರಣ್ಯದೊಳಗೆ ಬೇಟೆಯಾಡಿದ್ದಾದರೆ 3ರಿಂದ 7 ವರ್ಷ ಜೈಲು, ಕನಿಷ್ಠ 25,000 ರೂಪಾಯಿ ದಂಡ. ಬಳಸಿದ ಬೈಕು, ದೋಣಿ, ಕೋವಿ ಜಪ್ತಿಯಾದರೆ ಸರ್ಕಾರದ ಪಾಲು. ಮುಂದಿನ ಸಲ ಪೊಟ್ಟಣ ಬಂದರೆ ಬಾಗಿಲಲ್ಲೇ ಬೇಡ ಅನ್ನಿ, ಬೇಜಾರಾದರೆ ಆಗಲಿ.

ಪ್ರಶ್ನೆ (ಸಿದ್ದಾಪುರ): ಅಜ್ಜನ ಕಾಲದ ಕಡವೆ ಕೊಂಬು ಜಗಲಿಯ ಗೋಡೆಯಲ್ಲಿದೆ. ಹುಲಿ ಉಗುರಿನ ಗಲಾಟೆ ಆದಮೇಲೆ ಹೆದರಿಕೆ. ಅದೇ ತಾನಾಗಿ ಬಿದ್ದ ಕೊಂಬಾಗಿದ್ದರೆ ಪರವಾಗಿಲ್ಲವೇ?

ಉತ್ತರ: 2023ರಲ್ಲಿ ಹುಲಿ ಉಗುರಿನ ಲಾಕೆಟ್ ಹಾಕಿದವರನ್ನು ಹಿಡಿದ ಆ ಗಲಾಟೆ ಆದಮೇಲೆ ಎಷ್ಟು ಜಗಲಿಯ ಗೋಡೆ ಬೋಳಾಯಿತೋ! ಕಡವೆ, ಜಿಂಕೆಗೆ ಕೊಂಬು ಉದುರಿ ಮತ್ತೆ ಬರುತ್ತದೆ ನಿಜ, ಆದರೆ ಉದುರಿದ್ದನ್ನೂ ಕಾಡಿನಿಂದ ಎತ್ತಿ ತರುವ ಹಾಗಿಲ್ಲ, ಮಾರುವ ಹಾಗಂತೂ ಇಲ್ಲವೇ ಇಲ್ಲ. ಕಾಡುಪ್ರಾಣಿಯ ಹಳೆ ವಸ್ತುಗಳಲ್ಲಿ ಹಲವನ್ನು 1972ರ ಕಾಯ್ದೆ ಬಂದಾಗಲೇ ಘೋಷಿಸಿಕೊಳ್ಳಬೇಕಿತ್ತು. 2003ರಲ್ಲಿ ಇನ್ನೊಮ್ಮೆ 180 ದಿನ ಕೊಟ್ಟರು. ನಿಮ್ಮಜ್ಜನ ಹೆಸರಲ್ಲಿ ಮಾಲೀಕತ್ವದ ಸರ್ಟಿಫಿಕೇಟ್ ಇದೆಯಾ ಅಂತ ಮೊದಲು ಹಳೆ ಟ್ರಂಕು ಹುಡುಕಿ. ಇದ್ದರೆ, ವಾರಸುದಾರರಾಗಿ 90 ದಿನದೊಳಗೆ ನಿಮ್ಮ ಹೆಸರಿಗೆ ಘೋಷಣೆ ಕೊಡಬೇಕಿತ್ತು, ಕೊಟ್ಟಿಲ್ಲದಿದ್ದರೆ ಈಗಲಾದರೂ ಹೋಗಿ. ಇಲ್ಲದಿದ್ದರೆ ಒಬ್ಬ ವಕೀಲರನ್ನು ಕಂಡು, ಅವರ ಜೊತೆಗೇ ಅರಣ್ಯ ಇಲಾಖೆಗೆ ಲಿಖಿತವಾಗಿ ಒಪ್ಪಿಸುವ ದಾರಿ ನೋಡಿ. ಬಚ್ಚಲೊಲೆಗೆ ಮಾತ್ರ ಹಾಕಬೇಡಿ. ಒಬ್ಬರು ಹಾಗೆ ಮಾಡಿ, ವಾಸನೆಗೆ ಕೇರಿಯೆಲ್ಲ ಸೇರಿತ್ತು.

ಪ್ರಶ್ನೆ (ಅಂಕೋಲಾ): ಶೇಂಗಾ, ತರಕಾರಿಗೆ ಕಾಡುಕುರಿ, ಜಿಂಕೆ ಬರುತ್ತವೆ. ಹಳೆ ಮೀನಿನ ಬಲೆ ಕಟ್ಟಿದ್ದೇವೆ. ಪಕ್ಕದವರು ಕರೆಂಟ್ ತಂತಿ ಹಾಕಿ ಅನ್ನುತ್ತಾರೆ. ಪರಿಹಾರವೂ ಸಿಗುತ್ತದಂತೆ, ಹೇಗೆ?

ಉತ್ತರ: ಕಂಬದಿಂದ ನೇರ ಕರೆಂಟ್ ಎಳೆದರೆ ಜಿಂಕೆಗಿಂತ ಮೊದಲು ನಿಮ್ಮ ಆಕಳೋ ಕೆಲಸಕ್ಕೆ ಬಂದ ಹೆಂಗಸೋ ಹೋಗುತ್ತಾರೆ. ಅದು ಕಳ್ಳತನವೂ ಹೌದು, ಕೊಲೆಯೂ ಆಗಬಹುದು. ಸೋಲಾರ್ ಬೇಲಿ ಬೇರೆ. ಅದರ ಪೆಟ್ಟಿಗೆ ಬ್ಯಾಟರಿಯಿಂದ ಸೆಕೆಂಡಿಗೊಮ್ಮೆ ಒಂದು ಕ್ಷಣದ ಹೊಡೆತ ಕೊಡುತ್ತದೆ, ಜೀವ ತೆಗೆಯುವುದಿಲ್ಲ. ಆದರೆ ಮಳೆಗಾಲದಲ್ಲಿ ಹುಲ್ಲು ಬೆಳೆದು ತಂತಿ ಮುಟ್ಟಿತೋ, ಬೇಲಿ ಸತ್ತ ಹಾಗೆ. ವಾರಕ್ಕೊಮ್ಮೆ ಕತ್ತಿ ಹಿಡಿದು ಸುತ್ತು ಹಾಕುವವರಿಗೆ ಮಾತ್ರ ಅದು ಸರಿ.

ಬಲೆ ಅಗ್ಗ, ಒಪ್ಪುತ್ತೇನೆ. ಸಡಿಲ ಬಿಟ್ಟರೆ ಮಾತ್ರ ಗಂಡು ಜಿಂಕೆಯ ಕೊಂಬು ಸಿಕ್ಕಿ ಬೆಳಿಗ್ಗೆ ಹೊತ್ತಿಗೆ ಕುತ್ತಿಗೆ ಸುತ್ತಿಕೊಂಡಿರುತ್ತದೆ. ಆಮೇಲೆ ಅದು ಬೇಲಿಯೋ ಉರುಳೋ ಅಂತ ನೀವೇ ಉತ್ತರ ಹೇಳಬೇಕು. ಬಿಗಿಯಾಗಿ ಎಳೆದು, ಕೆಳಗೆ ಗೂಟ ಹೊಡೆದು, ಮೇಲೆ ಬಿಳಿ ಬಟ್ಟೆ ತುಂಡು ಕಟ್ಟಿ.

ಪರಿಹಾರಕ್ಕೆ ಬೆಳೆ ಹಾಳಾದ ದಿನವೇ ಫೋಟೋ ತೆಗೆಯಿರಿ. ಗೊರಸಿನ ಗುರುತು, ಹಿಕ್ಕೆ, ಕಚ್ಚಿದ ಗಿಡ, ಮೂರೂ ಕಾಣಲಿ. ಪಹಣಿ, ಆಧಾರ್, ಬ್ಯಾಂಕ್ ಪಾಸ್‌ಬುಕ್ ಹಿಡಿದು ವಲಯ ಅರಣ್ಯ ಕಚೇರಿಗೆ ಹೋಗಿ, ಇಲಾಖೆಯ ಆನ್‌ಲೈನ್ ವ್ಯವಸ್ಥೆಯಾದ ಇ-ಪರಿಹಾರದಲ್ಲಿ ದಾಖಲಾಗಿ ನಂಬರ್ ಸಿಗುವ ತನಕ ಕುರ್ಚಿ ಬಿಡಬೇಡಿ. ನಂಬರ್ ಕೇಳದೆ ಬಂದ ವರ್ಷ ನನ್ನ ಅರ್ಜಿ ಒಂದು ಕಚೇರಿಯ ಕಪಾಟಿನಲ್ಲೇ ಮಳೆಗಾಲ ಕಳೆದಿತ್ತು. ಅತಿಕ್ರಮಣದ ಜಾಗವಾದರೆ ಪಹಣಿಯ ಹತ್ತಿರವೇ ಮಾತು ಸಿಕ್ಕಿಕೊಳ್ಳುತ್ತದೆ. ನಮ್ಮ ಜಿಲ್ಲೆಯಲ್ಲಿ ಅಂಥವರು ಎಷ್ಟು ಜನ ಅಂತ ನಿಮಗೆ ನಾನು ಹೇಳಬೇಕಾಗಿಲ್ಲ.

ಪ್ರಶ್ನೆ (ಯಲ್ಲಾಪುರ): ಬಾವಿಗೆ ಬಿದ್ದ ಜಿಂಕೆಯನ್ನು ಎತ್ತಿದೆವು. ಗಾಯ ಇರಲಿಲ್ಲ, ನೀರು ಕುಡಿಸಿದೆವು, ಆದರೂ ಸತ್ತಿತು. ಎಲ್ಲಿ ತಪ್ಪಿದೆವು?

ಉತ್ತರ: ನಮ್ಮೂರಲ್ಲೂ ಹಾಗೇ ಆಗಿತ್ತು, ನಾನೂ ಹಗ್ಗ ಹಿಡಿದಿದ್ದೆ. ನಾಯಿ ಅಟ್ಟಿಸಿಕೊಂಡು ಬಂದ ಹೆಣ್ಣು ಜಿಂಕೆ, ಕಟ್ಟೆ ಇಲ್ಲದ ತೋಟದ ಬಾವಿ. ಎತ್ತಿ ಅಂಗಳದಲ್ಲಿ ಕಾಲು ಕಟ್ಟಿ ಮಲಗಿಸಿದೆವು. ಊರೆಲ್ಲ ಬಂತು, ಮಕ್ಕಳು ಮೈ ಸವರಿದರು, ಒಬ್ಬ ಸೆಲ್ಫಿಗೆ ಕಿವಿ ಹಿಡಿದು ತಲೆ ಎತ್ತಿದ. ಅದರ ಪಕ್ಕೆ ಒಲೆಯ ತಿದಿಯ ಹಾಗೆ ಹೊಡೆದುಕೊಳ್ಳುತ್ತಿತ್ತು. ಊಟದ ಹೊತ್ತಿಗೆ ಕಾಲು ಸೆಟೆದು ಹೋಯಿತು. ಓಟ ಮತ್ತು ಹೆದರಿಕೆ ಎರಡೂ ಸೇರಿದರೆ ಜಿಂಕೆಯ ಸ್ನಾಯುಗಳೇ ಒಳಗೆ ಹಾಳಾಗಿ, ಅದರ ವಿಷ ರಕ್ತಕ್ಕೆ ಸೇರಿ ಪ್ರಾಣಿ ಸಾಯುತ್ತದೆ. ನೀರು ಕುಡಿಸಲು ಹೋದರೆ ಶ್ವಾಸಕೋಶಕ್ಕೆ ಹೋಗುತ್ತದೆ.

ಮುಂದೆ ಹಾಗಾದರೆ ಮೊದಲು 1926ಕ್ಕೆ, ಅರಣ್ಯ ಇಲಾಖೆಯ ಸಹಾಯವಾಣಿಗೆ, ಫೋನ್ ಮಾಡಿ. ಅವರು ಬರುವ ತನಕ ಜನರನ್ನೂ ನಾಯಿಗಳನ್ನೂ ದೂರ ಕಳಿಸಿ. ನೀವೇ ಎತ್ತಬೇಕಾಗಿ ಬಂದರೆ ಕಣ್ಣಿಗೆ ಒಂದು ಪಂಚೆ ಮುಚ್ಚಿ, ಮಾತು ನಿಲ್ಲಿಸಿ, ಎತ್ತಿದ ಕೂಡಲೇ ಕಾಡಿನ ಕಡೆ ಮುಖ ಮಾಡಿ ಬಿಟ್ಟುಬಿಡಿ. ಬಾವಿಗೆ ಕಟ್ಟೆ ಕಟ್ಟಿಸಿ. ಹಾಗೆಯೇ ಬೇಣದ ಹುಲ್ಲಿನಲ್ಲಿ ಮರಿ ಒಂಟಿಯಾಗಿ ಮಲಗಿದ್ದು ಕಂಡರೆ ಮನೆಗೆ ತರಬೇಡಿ. ತಾಯಿ ಮೇಯಲು ಹೋಗಿರುತ್ತದೆ, ಅಡಗಿಸಿಟ್ಟಿದ್ದೇ ಅದು. ಸಂಜೆ ಬರುತ್ತದೆ.