ಮೊದಲ ಹಾಫ್ ಮ್ಯಾರಥಾನ್‌ಗೆ ಕಾರ್ಬನ್ ಪ್ಲೇಟ್ ಶೂ, ಡ್ಯುಯಲ್ ಬ್ಯಾಂಡ್ ವಾಚ್ ಎರಡೂ ಬೇಕಾ?

ನೀವು ಬರೆದಿದ್ದನ್ನು ಓದಿದೆ. ವಾರಕ್ಕೆ ನಾಲ್ಕು ದಿನ ಓಡುತ್ತೀರಿ, ಹತ್ತು ಕಿಲೋಮೀಟರ್ ಆರಾಮಾಗಿ ಮುಗಿಸುತ್ತೀರಿ, ಈಗ ಹಾಫ್ ಮ್ಯಾರಥಾನ್‌ಗೆ, ಅಂದರೆ 21.1 ಕಿಲೋಮೀಟರ್ ಓಟಕ್ಕೆ, ಹೆಸರು ಕೊಟ್ಟಿದ್ದೀರಿ. ಎರಡು ಗಂಟೆಯೊಳಗೆ ಮುಗಿಸಬೇಕು ಅಂತ ಆಸೆ. ಜೊತೆಯವರು ಕಾರ್ಬನ್ ಪ್ಲೇಟ್ ಶೂ (ಅಟ್ಟೆಯೊಳಗೆ ಕಾರ್ಬನ್ ಫೈಬರ್‌ನ ಗಟ್ಟಿ ಹಾಳೆ ಇರುವ ಶೂ) ತಗೊಳ್ಳಿ, ಡ್ಯುಯಲ್ ಬ್ಯಾಂಡ್ ಜಿಪಿಎಸ್ ವಾಚ್ ತಗೊಳ್ಳಿ ಅಂತಿದ್ದಾರೆ.

ಎರಡೂ ಬೇಡ ಅನ್ನುವುದು ನನ್ನ ಅಭಿಪ್ರಾಯ. ದುಡ್ಡು ಮೊದಲು ಒಂದು ಒಳ್ಳೆಯ ದಿನಬಳಕೆಯ ಶೂಗೆ ಹೋಗಲಿ. ಇನ್ನೂ ಉಳಿದರೆ ಅಂಥದ್ದೇ ಇನ್ನೊಂದು ಜೋಡಿಗೆ. ವಾಚ್ ಸಾದಾ ಇದ್ದರೂ ಸಾಕು, ಆದರೆ ಅದನ್ನು ಬಳಸುವುದನ್ನು ಸರಿಯಾಗಿ ಕಲಿಯಬೇಕು. ನಾನು ದೂರದ ಓಟ ಓಡುತ್ತಾ ಬಂದವನು, ಹೊಸದಾಗಿ ಓಡಲು ಶುರು ಮಾಡಿದವರ ಜೊತೆ ಶೂ ಅಂಗಡಿಗೂ ಹೋಗುತ್ತಿರುತ್ತೇನೆ. ಅಲ್ಲಿ ಕಂಡಿದ್ದನ್ನೂ ಸೇರಿಸಿ ಹೇಳುತ್ತೇನೆ.

ಅಂಗಡಿಯಲ್ಲಿ ಮೊದಲು ಕೇಳುವುದು ನಿಮ್ಮ ಪಾದ ಚಪ್ಪಟೆಯಾ, ಕಮಾನು ಎತ್ತರ ಇದೆಯಾ ಅಂತ. ಅದನ್ನು ನೋಡಿ ಇಂಥದ್ದೇ ಶೂ ಹಾಕಿಕೊಳ್ಳಿ ಅಂತಾರೆ. ಕೇಳಲು ಸರಿ ಅನ್ನಿಸುತ್ತದೆ ಅಲ್ವಾ? ಅಮೆರಿಕದ ಭೂಸೇನೆ, ವಾಯುಪಡೆ ಮತ್ತು ಮರೀನ್ ಪಡೆಯ ಹೊಸ ಸೈನಿಕರ ಮೇಲೆ ಇದನ್ನೇ ಪರೀಕ್ಷೆ ಮಾಡಿ ನೋಡಿದ್ದಾರೆ. ಒಂದು ಗುಂಪಿಗೆ ಪಾದದ ಆಕಾರ ನೋಡಿ ಶೂ ಕೊಟ್ಟರು. ಇನ್ನೊಂದು ಗುಂಪಿಗೆ ಆಕಾರ ನೋಡದೆ ಎಲ್ಲರಿಗೂ ಒಂದೇ ಬಗೆಯ ಶೂ ಕೊಟ್ಟರು. ಗಾಯಗಳಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಕೆನಡಾದ ಕ್ಯಾಲ್ಗರಿ ವಿಶ್ವವಿದ್ಯಾಲಯದ ಬೆನ್ನೊ ನಿಗ್ ಮತ್ತು ಅವರ ಜೊತೆಗಾರರು 2015ರಲ್ಲಿ ಬೇರೆಯೇ ದಾರಿ ಹೇಳಿದರು: ಓಡುವಾಗ ಯಾವ ಶೂ ಕಾಲಿಗೆ ಹಿತವಾಗಿರುತ್ತದೋ ಅದನ್ನೇ ಆರಿಸಿಕೊಳ್ಳಿ. ನಾನು ಇದನ್ನು ಪೂರ್ತಿ ನಂಬುತ್ತೇನೆ. ಆದರೆ ಸೋಫಾ ಮೇಲೆ ಕೂತು ಹಾಕಿ ನೋಡಿದರೆ ಆ ಹಿತ ಗೊತ್ತಾಗಲ್ಲ.

ಸಂಜೆ ಹೋಗಿ. ದಿನವಿಡೀ ಓಡಾಡಿದ ಕಾಲು ಸ್ವಲ್ಪ ಊದಿರುತ್ತದೆ, ದೂರ ಓಡುವಾಗಲೂ ಹಾಗೇ ಊದುತ್ತದೆ. ಓಡುವಾಗ ಹಾಕುವ ಸಾಕ್ಸ್ ಜೊತೆಗಿರಲಿ. ಶೂ ಹಾಕುವ ಮೊದಲು ಒಳಗಿನ ಇನ್‌ಸೋಲ್ ಹೊರಗೆ ತೆಗೆದು ನೆಲದ ಮೇಲಿಟ್ಟು, ಅದರ ಮೇಲೆ ಪೂರ್ತಿ ಭಾರ ಬಿಟ್ಟು ನಿಲ್ಲಿ. ಕಿರುಬೆರಳ ಕಡೆ ಮಾಂಸ ಅಂಚು ದಾಟಿ ಹೊರಗೆ ಚಾಚಿದರೆ ಆ ಶೂ ನಿಮಗೆ ಕಿರಿದು. ಒಂದು ನಂಬರ್ ದೊಡ್ಡದು ತಗೊಂಡರೆ ಉದ್ದ ಜಾಸ್ತಿಯಾಗಿ ಹಿಮ್ಮಡಿ ಜಾರುತ್ತದೆ. ಅದೇ ಮಾಡೆಲ್‌ನಲ್ಲಿ ಅಗಲದ ಅಳತೆ ಸಿಗುತ್ತದಾ ಕೇಳಿ, ಇಲ್ಲದಿದ್ದರೆ ಬೇರೆ ಮಾಡೆಲ್ ನೋಡಿ. ಬೆರಳುಗಳ ಕಡೆ ಅಗಲ ಬೇಕೇಬೇಕು ಅನ್ನುವವರಿಗೆ ಆಲ್ಟ್ರಾ ಕಂಪನಿಯ ಶೂ ಒಂದು ದಾರಿ. ಆಮೇಲೆ ಶೂ ಹಾಕಿ ನಿಂತು, ಎಲ್ಲಕ್ಕಿಂತ ಉದ್ದದ ಬೆರಳಿನ ಮುಂದೆ ಕೈಯ ಹೆಬ್ಬೆರಳಿನಷ್ಟು ಅಗಲ ಜಾಗ ಇದೆಯಾ ಒತ್ತಿ ನೋಡಿ. ಕೆಲವರಿಗೆ ಪಕ್ಕದ ಬೆರಳೇ ಕಾಲಿನ ಹೆಬ್ಬೆರಳಿಗಿಂತ ಉದ್ದ. ಎರಡು ಪಾದಗಳಲ್ಲಿ ದೊಡ್ಡದು ಯಾವುದೋ ಅದಕ್ಕೆ ಅಳತೆ ನೋಡಿ. ಇದೆಲ್ಲ ಆದ ಮೇಲೆ ಓಡಿ ನೋಡಿ. ಐದು ನಿಮಿಷವಾದರೂ ಓಡಲು ಬಿಡದ ಅಂಗಡಿಯಲ್ಲಿ ನಾನಂತೂ ತಗೊಳ್ಳಲ್ಲ.

ಹಿಮ್ಮಡಿ ಸ್ವಲ್ಪ ಮಾತ್ರ ಎದ್ದರೆ ಶೂ ವಾಪಸ್ ಇಡಬೇಡಿ. ಲೇಸ್ ತೂತುಗಳ ಸಾಲಿನ ಮೇಲ್ತುದಿಯಲ್ಲಿ ಎರಡೂ ಬದಿ ಸುಮ್ನೆ ಖಾಲಿ ಬಿಟ್ಟಿರುವ ಒಂದೊಂದು ತೂತು ಇರುತ್ತದೆ ನೋಡಿ, ಅದು ಇದಕ್ಕೇ ಇರುವುದು. ಲೇಸನ್ನು ಅದೇ ಬದಿಯ ಆ ತೂತಿಗೆ ಹಾಕಿ ಸಣ್ಣ ಕುಣಿಕೆ ಮಾಡಿ, ಎದುರಿನ ಲೇಸನ್ನು ಆ ಕುಣಿಕೆಯೊಳಗೆ ತೂರಿಸಿ ಎಳೆದು ಕಟ್ಟಿ. ಹಿಮ್ಮಡಿ ಗಟ್ಟಿಯಾಗಿ ಕೂರುತ್ತದೆ.

ಡ್ರಾಪ್ ಬಗ್ಗೆಯೂ ಕೇಳಿದ್ದಿರಿ. ಹಿಮ್ಮಡಿ ಕಡೆಯ ಎತ್ತರಕ್ಕೂ ಬೆರಳ ಕಡೆಯ ಎತ್ತರಕ್ಕೂ ಇರುವ ವ್ಯತ್ಯಾಸ ಅದು. ಡ್ರಾಪ್ ಕಡಿಮೆಯಾದಷ್ಟೂ ಮೀನಖಂಡಕ್ಕೆ ಕೆಲಸ ಜಾಸ್ತಿ. ಈಗಿನ ಶೂ 10 ಮಿಲಿಮೀಟರ್ ಇದ್ದು ಕಾಲು ಚೆನ್ನಾಗಿದ್ದರೆ ಅದರ ಆಸುಪಾಸಿನಲ್ಲೇ ಇರಿ. ರೇಸ್ ತಯಾರಿಯ ನಡುವೆ ಒಮ್ಮೆಲೇ ಸೊನ್ನೆ ಡ್ರಾಪ್‌ಗೆ ಇಳಿಯಬೇಡಿ.

ಈಗ ಕಾರ್ಬನ್ ಪ್ಲೇಟ್. 2017ರಲ್ಲಿ ನೈಕಿ ವೇಪರ್‌ಫ್ಲೈ ಬಂದ ಮೇಲೆ ರಸ್ತೆ ಓಟವೇ ಬದಲಾಯಿತು, ಅದು ನಿಜ. ಅದರ ಮಾದರಿ ಶೂಗಳನ್ನು ಪ್ರಯೋಗಾಲಯದಲ್ಲಿ ಪರೀಕ್ಷಿಸಿದಾಗ ಅದೇ ವೇಗಕ್ಕೆ ಸರಾಸರಿ ಶೇ. 4ರಷ್ಟು ಕಡಿಮೆ ಶಕ್ತಿ ಸಾಕಾಯಿತು. ಆಮೇಲೆ ಅಥ್ಲೆಟಿಕ್ಸ್‌ನ ಜಾಗತಿಕ ಸಂಸ್ಥೆ ವರ್ಲ್ಡ್ ಅಥ್ಲೆಟಿಕ್ಸ್ ರಸ್ತೆ ಓಟದ ಶೂಗೆ 40 ಮಿಲಿಮೀಟರ್ ದಪ್ಪದ ಅಟ್ಟೆ, ಒಂದೇ ಪ್ಲೇಟ್ ಅಂತ ಮಿತಿ ಹಾಕಬೇಕಾಯಿತು. ಆದರೆ ಆ ಪರೀಕ್ಷೆಯಲ್ಲಿ ಓಡಿದವರು ನಮಗಿಂತ ತುಂಬಾ ವೇಗದವರು. ನಿಮ್ಮ ತಯಾರಿಯ ಬಹುಪಾಲು ನಿಧಾನದ ಓಟ. ಆ ವೇಗದಲ್ಲಿ ಎತ್ತರದ, ಮೆತ್ತನೆಯ, ಹಿಮ್ಮಡಿ ಕಿರಿದಾದ ಶೂ ಓಲಾಡುತ್ತದೆ. ಬೇಗ ಸವೆಯುತ್ತದೆ ಬೇರೆ. ದಿನಬಳಕೆಯ ಶೂ ಸುಮಾರು 500ರಿಂದ 800 ಕಿಲೋಮೀಟರ್ ಬರುತ್ತದೆ. ಕಾರ್ಬನ್ ಪ್ಲೇಟ್ ಶೂಗೆ ಹಾಕುವ ದುಡ್ಡಿಗೆ ಇನ್ನೊಂದು ದಿನಬಳಕೆಯ ಜೋಡಿ ತಗೊಂಡು ಬದಲಾಯಿಸಿ ಬದಲಾಯಿಸಿ ಓಡಿ. ಲಕ್ಸೆಂಬರ್ಗ್‌ನ ಸಂಶೋಧಕರು ಓಟಗಾರರನ್ನು ಗಮನಿಸಿದಾಗ, ಒಂದಕ್ಕಿಂತ ಹೆಚ್ಚು ಜೋಡಿ ಬಳಸುವವರಲ್ಲಿ ಗಾಯ ಕಡಿಮೆ ಇತ್ತು. ಗಾಯವಿಲ್ಲದೆ ರೇಸ್ ದಿನ ಮುಟ್ಟುವುದೇ ಈಗ ನಿಮಗೆ ಮುಖ್ಯ, ಶೇ. 4 ಅಲ್ಲ.

ವಾಚ್ ವಿಷಯಕ್ಕೆ ಬರುತ್ತೇನೆ. ಉಪಗ್ರಹದ ಸಿಗ್ನಲ್ ಎತ್ತರದ ಕಟ್ಟಡಗಳಿಗೆ ಬಡಿದು ಸುತ್ತು ಹಾಕಿ ಬಂದರೆ ವಾಚ್ ನಿಮ್ಮನ್ನು ಪಕ್ಕದ ರಸ್ತೆಯಲ್ಲಿ ಓಡಿಸುತ್ತದೆ. ಡ್ಯುಯಲ್ ಬ್ಯಾಂಡ್ ವಾಚ್ ಎರಡು ತರಂಗಾಂತರಗಳಲ್ಲಿ ಕೇಳಿಸಿಕೊಳ್ಳುವುದರಿಂದ ಈ ತಪ್ಪು ಸಿಗ್ನಲ್‌ಗಳನ್ನು ಚೆನ್ನಾಗಿ ಬೇರ್ಪಡಿಸುತ್ತದೆ. ಗಾರ್ಮಿನ್ ಫೋರ್‌ರನ್ನರ್ 265, ಕೊರೋಸ್ ಪೇಸ್ 3ರಲ್ಲಿ ಅದು ಇದೆ, ಫೋರ್‌ರನ್ನರ್ 55ರಲ್ಲಿ ಇಲ್ಲ. ನೀವು ಓಡುವುದು ತೆರೆದ ರಸ್ತೆಯಲ್ಲಿ ಅಂತ ಬರೆದಿದ್ದೀರಿ. ಅಲ್ಲಿ ಇಲ್ಲದಿದ್ದರೂ ನಡೆಯುತ್ತದೆ. ನಾನು ನೋಡುವುದು ಬಟನ್. ಬೆವರಿದ ಬೆರಳಿಗೆ, ಮಳೆಗೆ ಟಚ್ ಸ್ಕ್ರೀನ್ ಕೈಕೊಡುತ್ತದೆ. ಲ್ಯಾಪ್‌ಗೆ, ಅಂದರೆ ಓಟದ ಒಂದೊಂದು ತುಂಡಿನ ಸಮಯ ಬೇರೆಯಾಗಿ ಹಿಡಿಯಲು, ಒತ್ತುವ ಬಟನ್ ಇಲ್ಲದ ವಾಚ್ ಬೇಡ. ಮಣಿಕಟ್ಟಿನಲ್ಲಿ ಅಳೆಯುವ ಹೃದಯ ಬಡಿತವನ್ನು ಜೋರು ಓಟದಲ್ಲಿ ನಂಬಬೇಡಿ, ಕೆಲವೊಮ್ಮೆ ಅದು ಹೆಜ್ಜೆಯ ಲಯವನ್ನೇ ಬಡಿತ ಅಂತ ಎಣಿಸುತ್ತದೆ. ನಿಖರವಾಗಿ ಬೇಕಿದ್ದರೆ ಎದೆಗೆ ಕಟ್ಟುವ ಪಟ್ಟಿ ತಗೊಳ್ಳಿ.

ನಿಮ್ಮ ಎರಡು ಗಂಟೆಯ ಗುರಿಗೆ ನಿಜವಾಗಿ ಬೇಕಾದ ವಿಷಯ ಈಗ ಹೇಳುತ್ತೇನೆ. ಪ್ರಮಾಣಿತ ರೇಸ್ ದಾರಿಯನ್ನು ಅಳೆಯುವುದು ಜಿಪಿಎಸ್‌ನಿಂದ ಅಲ್ಲ. ಸೈಕಲ್ ಚಕ್ರಕ್ಕೆ ಜೋನ್ಸ್ ಕೌಂಟರ್ ಅನ್ನುವ ಸಣ್ಣ ಎಣಿಕೆ ಯಂತ್ರ ಕಟ್ಟಿ, ತಿರುವುಗಳಲ್ಲಿ ಅಂಚಿನಿಂದ 30 ಸೆಂಟಿಮೀಟರ್ ಬಿಟ್ಟು, ಓಡಲು ಸಾಧ್ಯವಿರುವ ಅತಿ ಹತ್ತಿರದ ದಾರಿಯಲ್ಲೇ ಅಳೆಯುತ್ತಾರೆ. ದಾರಿ ಎಲ್ಲೂ ಕಡಿಮೆ ಬೀಳಬಾರದು ಅಂತ ಸಾವಿರಕ್ಕೆ ಒಂದರಷ್ಟು ಜಾಸ್ತಿಯನ್ನೂ ಸೇರಿಸುತ್ತಾರೆ, ಹಾಫ್‌ಗೆ ಅದು ಸುಮಾರು 21 ಮೀಟರ್. ಜನಜಂಗುಳಿಯಲ್ಲಿ ಆ ಗೆರೆ ಹಿಡಿದು ಯಾರೂ ಓಡಲ್ಲ. ಒಬ್ಬರನ್ನು ದಾಟಲು ಪಕ್ಕಕ್ಕೆ ಸರಿಯುತ್ತೀರಿ, ನೀರಿಗೆ ಅಂಚಿಗೆ ಹೋಗುತ್ತೀರಿ. ಮೇಲೆ ಜಿಪಿಎಸ್‌ನ ಸಣ್ಣಪುಟ್ಟ ತಪ್ಪು. ಹಾಗಾಗಿ 21.1 ಇರಬೇಕಾದಲ್ಲಿ ವಾಚ್ 21.3 ತೋರಿಸುವುದು ಸಾಮಾನ್ಯ.

ಲೆಕ್ಕ ಹಾಕಿ ನೋಡಿ. ಎರಡು ಗಂಟೆಯೊಳಗೆ ಮುಗಿಸಲು ಕಿಲೋಮೀಟರಿಗೆ 5 ನಿಮಿಷ 41 ಸೆಕೆಂಡ್ ಸಾಕು. ವಾಚ್‌ನಲ್ಲಿ ಅದೇ 5:41 ಕಾಯ್ದುಕೊಂಡು ಹೋದಿರಿ ಅಂದುಕೊಳ್ಳಿ. ವಾಚ್ ಪ್ರಕಾರ 21.3 ಓಡಿದರೆ ಮುಕ್ತಾಯದ ಗೆರೆ ದಾಟುವಾಗ 2 ಗಂಟೆ 1 ನಿಮಿಷ ಆಗಿರುತ್ತದೆ. ವಾಚ್‌ನಲ್ಲಿ 5:38 ಇಟ್ಟುಕೊಳ್ಳಬೇಕು. ಇನ್ನೂ ಒಳ್ಳೆಯದು, ವಾಚ್ ತಾನೇ ಲ್ಯಾಪ್ ಎಣಿಸುವ ಆಟೋ ಲ್ಯಾಪ್ ಆಫ್ ಮಾಡಿ, ರಸ್ತೆ ಬದಿಯ ಪ್ರತಿ ಕಿಲೋಮೀಟರ್ ಫಲಕದ ಹತ್ತಿರ ನೀವೇ ಬಟನ್ ಒತ್ತಿ. ಆಗ ಸಿಗುವುದು ನಿಜವಾದ ಕಿಲೋಮೀಟರಿನ ಸಮಯ. ಆ ಕ್ಷಣದ ಪೇಸ್ (ಕಿಲೋಮೀಟರಿಗೆ ಎಷ್ಟು ನಿಮಿಷ ಅನ್ನುವ ಲೆಕ್ಕ) ತೋರಿಸುವ ಅಂಕಿಯನ್ನು ಪರದೆಯಿಂದಲೇ ತೆಗೆದುಬಿಡಿ, ಅದು ಕುಣಿಯುತ್ತಲೇ ಇರುತ್ತದೆ. ಒಟ್ಟು ಸಮಯ, ಈ ಲ್ಯಾಪ್‌ನ ಸಮಯ, ಇವೆರಡೇ ಇರಲಿ.

ಮುಂದಿನ ಕೆಲವು ಉದ್ದದ ಓಟಗಳಲ್ಲಿ ಇದನ್ನು ರೂಢಿ ಮಾಡಿಕೊಳ್ಳಿ. ರೇಸ್‌ಗೆ ಹಾಕುವ ಶೂ, ಸಾಕ್ಸ್ ಕೂಡ ಅವೇ ಓಟಗಳಲ್ಲಿ ಇರಲಿ. ಹಿಂದಿನ ರಾತ್ರಿ ವಾಚ್ ಚಾರ್ಜ್ ಮಾಡಿ, ಬೆಳಿಗ್ಗೆ ಫೋನ್ ಜೊತೆ ಒಮ್ಮೆ ಸಿಂಕ್ ಮಾಡಿ, ಉಪಗ್ರಹ ಬೇಗ ಸಿಗುತ್ತದೆ. ಈಗ ನೀವು ಹಾಕುತ್ತಿರುವ ಶೂ ಯಾವುದು, ಎಷ್ಟು ಕಿಲೋಮೀಟರ್ ಆಗಿದೆ, ಅದರಲ್ಲಿ ಎಲ್ಲಿ ಒತ್ತುತ್ತದೆ ಅಂತ ಕಾಮೆಂಟ್‌ನಲ್ಲಿ ಬರೆಯಿರಿ. ನೋಡಲು ಯೋಗ್ಯವಾದ ಎರಡು ಮೂರು ಮಾಡೆಲ್ ಹೇಳುತ್ತೇನೆ.