ಹೆಸ್ರು ಒಂದೇ, ಅಕ್ಷರ ಬ್ಯಾರೆ

ಪ್ರಶ್ನೆ: ನಮ್ದು ಬಳ್ಳಾರ್ಯಾಗ ಜೀನ್ಸ್ ಹೊಲಿಯೋ ಯೂನಿಟ್ ಐತ್ರಿ. ಮಷಿನ್ ಪಾರ್ಟ್ಸ್ ಕಳ್ಸೋ ಚೀನಾದ ಕಂಪನ್ಯಾಗ ಇಬ್ರು ಹೆಣ್ಮಕ್ಳು, ಇಬ್ರ ಹೆಸ್ರೂ ‘ಮೇ’, ಆದ್ರ ಅವ್ರ ಲಿಪ್ಯಾಗ ನೋಡಿದ್ರ ಅಕ್ಷರ ಬ್ಯಾರೆ ಬ್ಯಾರೆ. ಯಾಕ್ರಿ?

ಉತ್ತರ: ಚಲೋ ಗಮನಿಸೀರಿ. ನಮ್ಮ ಅಕ್ಷರ ಬರೀ ಸಪ್ಪಳ ಹೇಳ್ತಾವ, ಚೀನೀ ಅಕ್ಷರ ಅರ್ಥಾನೂ ಹೊತ್ಕೊಂಡು ಬರ್ತಾವ, ಅದಕ್ಕ ಒಂದು ‘ಮೇ’ ಅಂದ್ರ ಚೆಲುವು, ಇನ್ನೊಂದು ‘ಮೇ’ ಅಂದ್ರ ಪ್ಲಮ್ ಹೂವು, ಅದು ಚಳಿಗಾಲದ ಕೊನಿಗೆ ಹಿಮ ಇದ್ರೂ ಅರಳ್ತೈತಿ ನೋಡ್ರಿ, ಮಗಳು ಕಷ್ಟಕ್ಕ ಬಾಡಬಾರ್ದು ಅನ್ನೋ ಹಾರೈಕೆ ಅದ್ರಾಗ ಐತಿ. ಅನ್ನೋ ರಾಗಾನೂ ಒಂದೇ ಅಲ್ಲ, ಚೆಲುವಿನ ‘ಮೇ’ಗೆ ದನಿ ಇಳಿದು ಏರ್ಬೇಕು, ಹೂವಿನ ‘ಮೇ’ಗೆ ಸೀದಾ ಏರ್ಬೇಕು.

ನನಗಂತೂ ‘ಮಿಂಗ್’ ಅಂದ್ರ ಭಾಳ ಪ್ರೀತಿ. ಸೂರ್ಯನ ಅಕ್ಷರದ ಮಗ್ಗಲಕ್ಕ ಚಂದ್ರನ ಅಕ್ಷರ ಇಟ್ರ ಅದು ‘ಮಿಂಗ್’, ಅರ್ಥ ಬೆಳಗೋದು, ನಮ್ಮಲ್ಲಿ ಪ್ರಕಾಶ ಅಂತ ಇಡ್ತೀವಲ್ಲ, ಹಂಗ. ಇನ್ನ ಅವ್ರಲ್ಲಿ ಮನೆತನದ ಹೆಸ್ರು ಮೊದ್ಲು, ಇಟ್ಟ ಹೆಸ್ರು ಆಮ್ಯಾಲೆ, ಮೇಲ್ ಬರಿಯೋವಾಗ ನೆನಪಿರ್ಲಿ. ಮುಂದಿನ ಸಲ ಮಾತಾಡೋವಾಗ ‘ನಿಮ್ದು ಯಾವ ಮೇ, ಹೂವಿಂದಾ?’ ಅಂತ ಕೇಳಿ ನೋಡ್ರಿ.